ಹದಿನಾರೂವರೆ ವರ್ಷದ ಮೇಲೆ ಒಂದು ದಿನ

ಎಲ್ಲರಿಗೂ ನಮಸ್ಕಾರ. ಮಗಳೇ, ನಿನ್ನ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಇಲ್ಲಿ ಮಳೆ ಜೋರಾಗಿದೆ, ಕರೆಂಟ್ ಬರುತ್ತದೆ, ಹೋಗುತ್ತದೆ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂರುವುದಕ್ಕಿಂತ ಮಾತಿನಲ್ಲೇ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದ ಆಗಬಹುದು. ಆದರೂ ಪೂರ್ತಿ ಕೇಳಿ, ಇದರಲ್ಲಿ ಒಬ್ಬರ ದುಡ್ಡಿನ ವಿಷಯ ಇದೆ.

ಮೇಲಿನ ಮೆಸೇಜ್ ನೋಡದವರಿಗೆ ವಿಷಯ ಇಷ್ಟು. ತೋಟದ ಲೈನ್ ಮನೆ, ಅಂದರೆ ಕೆಲಸದವರ ಸಾಲುಮನೆಯ ಅಮ್ಮ ಈ ತಿಂಗಳು, ಅಂದರೆ 2025ರ ಮೇ 15ಕ್ಕೆ, ಕೆಲಸ ನಿಲ್ಲಿಸಿದರು. ಕೆಲಸಕ್ಕೆ ಸೇರಿದ್ದು 2008ರ ನವೆಂಬರ್ 15ಕ್ಕೆ. ಅವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸರ್ವೀಸ್ ನೋಡಿ ಕೊಡುವ ದುಡ್ಡು, ಕೊಡಬೇಕು, ಸರ್ವೀಸ್ ಎಷ್ಟಾಯಿತು ಅಂತ ಮಗಳು ಕೇಳಿದ್ದಾಳೆ. ಅದಕ್ಕೆ ಮೂರು ಉತ್ತರ ಬಂದಿವೆ. ಫೋನಿನಲ್ಲಿ ಹಾಕಿದರೆ 16 ವರ್ಷ 6 ತಿಂಗಳು. ದೊಡ್ಡಕ್ಕ ಎಣಿಸಿದ್ದು 16 ವರ್ಷ 6 ತಿಂಗಳು 1 ದಿನ. ಭಾವ ಒಟ್ಟು ದಿನವನ್ನು 365ರಿಂದ ಭಾಗಿಸಿ 16 ವರ್ಷ 185 ದಿನ ಅಂದರು. ಕೊನೆಗೆ ಯಾರೋ, ಎಲ್ಲ ಹತ್ತಿರ ಹತ್ತಿರ ಒಂದೇ ಅಲ್ವಾ, ಸುಮ್ನೆ 16 ಅಂತ ಹಾಕಿಬಿಡು ಅಂತ ಬರೆದಿದ್ದಾರೆ.

ಒಂದೇ ಅಲ್ಲ. ಗ್ರಾಚ್ಯುಟಿಯಲ್ಲಿ ಒಂದು ಪೂರ್ತಿ ವರ್ಷಕ್ಕೆ 15 ದಿನದ ಸಂಬಳ. ಕೊನೆಯಲ್ಲಿ ಉಳಿಯುವ ತಿಂಗಳುಗಳು ಆರನ್ನು ದಾಟಿದರೆ ಅದನ್ನೂ ಒಂದು ವರ್ಷ ಅಂತ ಹಿಡಿಯಬೇಕು. ಸರಿಯಾಗಿ ಆರಕ್ಕೆ ನಿಂತರೆ ಇಲ್ಲ, ದಾಟಲೇಬೇಕು. ಅಂದರೆ ಫೋನಿನ ಲೆಕ್ಕದಲ್ಲಿ ಆ ಅಮ್ಮನಿಗೆ 16 ವರ್ಷ, ದೊಡ್ಡಕ್ಕನ ಲೆಕ್ಕದಲ್ಲಿ 17. ದಿನಕ್ಕೆ 500 ರೂಪಾಯಿ ಅಂತ ಇಟ್ಟುಕೊಂಡರೂ ಆ ಒಂದು ದಿನದ ಬೆಲೆ 7,500 ರೂಪಾಯಿ.

ದೊಡ್ಡಕ್ಕ ಹೇಳಿದ್ದೇ ಸರಿ. ಯಾಕೆ ಅಂತ ಹೇಳುತ್ತೇನೆ.

ಎರಡು ತಾರೀಕಿನ ನಡುವೆ ಎಷ್ಟು ದಿನ ಅಂತ ಕೇಳುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಿರುತ್ತೇವೆ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಅನ್ನುವುದು ಒಂದು. ಒಟ್ಟು ಎಷ್ಟು ದಿನ ಅನ್ನುವುದು ಇನ್ನೊಂದು. ನಮ್ಮ ಕೊಡಗಿನ ಕಕ್ಕಡ ಹದಿನೆಂಟರ ಹಬ್ಬವನ್ನೇ ನೋಡಿ. ಕಕ್ಕಡ ತಿಂಗಳು ಶುರುವಾಗುವುದು ಜುಲೈ 17ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡುವುದು ಆಗಸ್ಟ್ 3ಕ್ಕೆ. ತಾರೀಕು ಕಳೆದು ನೋಡಿದರೆ ಜುಲೈಯಲ್ಲಿ 14, ಆಗಸ್ಟಿನಲ್ಲಿ 3, ಒಟ್ಟು 17 ಬರುತ್ತದೆ. ಆದರೆ ಅವತ್ತು ಹದಿನೆಂಟನೇ ದಿನ. ನಮ್ಮ ಹಿರಿಯರು ಮೊದಲ ದಿನವನ್ನೂ ಎಣಿಸಿದರು, ಕೊನೆಯ ದಿನವನ್ನೂ ಎಣಿಸಿದರು. ಹದಿನೆಂಟು ಬಗೆಯ ಮದ್ದು ಆ ಸೊಪ್ಪಿನಲ್ಲಿ ಸೇರುವುದು ಹದಿನೆಂಟನೇ ದಿನಕ್ಕೆ ಅನ್ನುವ ನಂಬಿಕೆ ನಿಂತಿರುವುದೇ ಈ ಎಣಿಕೆಯ ಮೇಲೆ.

ಕೆಲಸದ ಲೆಕ್ಕವೂ ಹಾಗೆಯೇ. ನಾನು ಎಸ್ಟೇಟ್ ಆಫೀಸಿನಲ್ಲಿ ರೈಟರ್ ಆಗಿ ಚೆಕ್‌ರೋಲ್ ಬರೆದವನು. ಆ ಹಾಜರಿ ಪುಸ್ತಕ ನೋಡಿದವರಿಗೆ ಗೊತ್ತು, ಎಡಕ್ಕೆ ಹೆಸರು, ಬಲಕ್ಕೆ ಉದ್ದಕ್ಕೂ ಒಂದೊಂದು ದಿನಕ್ಕೆ ಒಂದೊಂದು ಸಣ್ಣ ಮನೆ. ಬಂದವರಿಗೆ ಗುರುತು, ಅರ್ಧ ದಿನಕ್ಕೆ ಬೇರೆ ಗುರುತು. ಅರೇಬಿಕಾ ಹಣ್ಣು ಕೊಯ್ಯಲು ಶುರುವಾಗುವ ಹೊತ್ತಿಗೆ, ನವೆಂಬರ್ 15ರ ಶನಿವಾರ, ಆ ಅಮ್ಮ ಮೊದಲ ಸಲ ಬುಟ್ಟಿ ಕಟ್ಟಿಕೊಂಡು ಇಳಿದಾಗ ಆ ಮನೆಯಲ್ಲಿ ಗುರುತು ಬಿದ್ದಿದೆ. ಮೇ 15ರ ಗುರುವಾರವೂ ಬಿದ್ದಿದೆ. ಎರಡೂ ದಿನ ದುಡಿದಿದ್ದಾರೆ, ಎರಡೂ ದಿನದ ಕೂಲಿ ಕೊಟ್ಟಿದ್ದೀರಿ. ಹಾಗಿರುವಾಗ ಸರ್ವೀಸಿನಲ್ಲಿ ಮಾತ್ರ ಒಂದು ದಿನ ಬಿಡುವುದು ನ್ಯಾಯ ಅಲ್ಲ. ಫೋನಿನ ಮೇಲೆ ತಪ್ಪು ಹೊರಿಸಬೇಡಿ, ಅದು ದೂರ ಅಳೆದು ಕೊಟ್ಟಿದೆ ಅಷ್ಟೇ. ಎಕ್ಸೆಲ್ ಕೂಡ ಒಂದು ತಾರೀಕಿನಿಂದ ಇನ್ನೊಂದನ್ನು ಕಳೆದರೆ ಹಾಗೆಯೇ ಕೊಡುತ್ತದೆ. ಎರಡೂ ದಿನ ಸೇರಬೇಕು ಅನ್ನುವುದನ್ನು ನಾವೇ ಹೇಳಬೇಕು.

ಇದಕ್ಕೆ ಸುಲಭದ ದಾರಿ ಒಂದಿದೆ. ಕೊನೆಯ ತಾರೀಕಿಗೆ ಒಂದು ದಿನ ಸೇರಿಸಿಕೊಂಡು ಆಮೇಲೆ ಕಳೆಯಿರಿ. ಮಕ್ಕಳು ಕೇಳಿಸಿಕೊಳ್ಳಿ, ನಮ್ಮ ಜಿಲ್ಲೆಯದ್ದೇ ಉದಾಹರಣೆ ಕೊಡುತ್ತೇನೆ. ಕೊಡಗು ಬೇರೆ ರಾಜ್ಯವಾಗಿ ಇದ್ದದ್ದು 1950ರ ಜನವರಿ 26ರಿಂದ 1956ರ ಅಕ್ಟೋಬರ್ 31ರವರೆಗೆ. ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. ಕೊನೆಯ ದಿನಕ್ಕೆ ಒಂದು ಸೇರಿಸಿದರೆ 1-11-1956. ಇದರಿಂದ 26-1-1950 ಕಳೆಯಿರಿ. ಒಂದರಲ್ಲಿ 26 ಹೋಗುವುದಿಲ್ಲ, ಹಿಂದಿನ ತಿಂಗಳಿನಿಂದ ಸಾಲ ತರಬೇಕು. ಹಿಂದಿನ ತಿಂಗಳು ಅಕ್ಟೋಬರ್, ಅದಕ್ಕೆ 31 ದಿನ. ಸುಮ್ನೆ 30 ಅಂತ ತರಬಾರದು, ಜಾಸ್ತಿ ಜನ ಎಡವುವುದು ಇಲ್ಲೇ. 32ರಲ್ಲಿ 26 ಹೋದರೆ 6 ದಿನ. 10ರಲ್ಲಿ 1 ಹೋದರೆ 9 ತಿಂಗಳು. 56ರಲ್ಲಿ 50 ಹೋದರೆ 6 ವರ್ಷ. ಆರು ವರ್ಷ, ಒಂಬತ್ತು ತಿಂಗಳು, ಆರು ದಿನ. ದಿನದಲ್ಲೇ ಬೇಕಾದರೆ 2,471. ಅದರೊಳಗೆ 1952 ಮತ್ತು 1956ರ ಫೆಬ್ರವರಿ 29, ಎರಡೂ ಸೇರಿವೆ.

ಈಗ ಭಾವ, ನಿಮ್ಮ 365ರ ಲೆಕ್ಕಕ್ಕೆ ಬರುತ್ತೇನೆ. ನೀವು ತೆಗೆದ ಒಟ್ಟು ದಿನ ಸರಿಯಾಗಿದೆ. ಮೊದಲ ದಿನ ಬಿಟ್ಟು ಎಣಿಸಿದರೆ 6,025. ಅದನ್ನು 365ರಿಂದ ಭಾಗಿಸಿದಾಗ ಉಳಿದದ್ದು 185. ಆದರೆ ನವೆಂಬರ್ 15ರಿಂದ ಈ ಮೇ 15ಕ್ಕೆ ಇರುವುದು 181 ದಿನ. ಆ ನಾಲ್ಕು ದಿನ ಎಲ್ಲಿಂದ ಬಂತು? 2012, 2016, 2020, 2024, ಈ ನಾಲ್ಕು ವರ್ಷಗಳ ಫೆಬ್ರವರಿ 29. ನೀವು ಪ್ರತಿ ವರ್ಷಕ್ಕೂ 365 ಅಂತ ಹಿಡಿದದ್ದರಿಂದ ಅವು ನಾಲ್ಕೂ ಕೊನೆಗೆ ಬಂದು ಬಿದ್ದವು. ನಿಮ್ಮ ಲೆಕ್ಕದಲ್ಲೂ ಆ ಅಮ್ಮನಿಗೆ 17 ವರ್ಷವೇ ಸಿಗುತ್ತದೆ, ನಿಜ. ಆದರೆ ಇದೇ ರೂಢಿಯಾದರೆ ಇನ್ನೊಬ್ಬರಿಗೆ ಇಲ್ಲದ ವರ್ಷ ಬಂದು ಕೂರುತ್ತದೆ. ಆಗ ಲೆಕ್ಕ ನೋಡುವವರು ಎಲ್ಲವನ್ನೂ ಅನುಮಾನದಿಂದ ನೋಡುತ್ತಾರೆ. ಅದಕ್ಕೆ ಮೊದಲು ಪೂರ್ತಿ ವರ್ಷ ತೆಗೆಯಿರಿ, ಆಮೇಲೆ ಪೂರ್ತಿ ತಿಂಗಳು, ಉಳಿದದ್ದನ್ನು ದಿನವಾಗಿ ಎಣಿಸಿ.

ವರ್ಷ ಅಂದರೆ 365 ದಿನ ಅಲ್ಲ ಅನ್ನುವುದು ತಲಕಾವೇರಿಗೆ ಹೋಗುವ ನಮಗೆಲ್ಲ ಕಣ್ಣೆದುರೇ ಇದೆ. 2022ರಲ್ಲಿ ತೀರ್ಥೋದ್ಭವ ಅಕ್ಟೋಬರ್ 17ರ ಸಂಜೆ 7.21ಕ್ಕೆ ಇತ್ತು. 2023ರಲ್ಲಿ ನಡುರಾತ್ರಿ ದಾಟಿ 18ರ 1.27ಕ್ಕೆ ಹೋಯಿತು, ಚಳಿಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಹೋದವರಿಗೆ ನೆನಪಿರುತ್ತದೆ. 2024ರಲ್ಲಿ ಬೆಳಿಗ್ಗೆ 7.40. ಪ್ರತಿ ಸಲ ಆರು ಗಂಟೆ ಚಿಲ್ಲರೆ ಮುಂದಕ್ಕೆ. ಅದು ಸೂರ್ಯ ತುಲಾ ರಾಶಿಗೆ ಬರುವ ಗಳಿಗೆ. ಒಂದು ತುಲಾ ಸಂಕ್ರಮಣದಿಂದ ಮುಂದಿನದಕ್ಕೆ 365 ದಿನ, ಅದರ ಮೇಲೆ ಸುಮಾರು ಆರು ಗಂಟೆ ಒಂಬತ್ತು ನಿಮಿಷ. ಹಾಗಾದರೆ 2024ರಲ್ಲಿ 18ನೇ ತಾರೀಕಿನ ಬೆಳಿಗ್ಗೆ ಆಗಬೇಕಿತ್ತು ಅಲ್ವಾ? ಆದದ್ದು 17ಕ್ಕೆ. ಆ ವರ್ಷ ಫೆಬ್ರವರಿಯಲ್ಲಿ 29ನೇ ದಿನ ಬಂತು, ತಾರೀಕು ಒಂದು ಹಿಂದಕ್ಕೆ ಸರಿಯಿತು. ಕಾವೇರಮ್ಮ ತನ್ನ ಹೊತ್ತಿಗೇ ಬರುತ್ತಾಳೆ, ಕ್ಯಾಲೆಂಡರ್ ಅವಳ ಹಿಂದೆ ಓಡುತ್ತದೆ. ಈ ವಿಷಯ ನನಗೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಸರಿ, ಕೆಲಸದ ಮಾತಿಗೆ ಬರೋಣ. ಮಗಳೇ, ಮೊದಲು ಚೆಕ್‌ರೋಲ್ ತೆಗೆದು ಸೇರಿದ ತಾರೀಕನ್ನು ಕಣ್ಣಾರೆ ನೋಡು. ಹಳೆಯ ಕಾರ್ಡಿನಲ್ಲಿ ಬರೀ ಅಂಕಿಯಲ್ಲಿ ಬರೆದಿದ್ದರೆ ಮತ್ತೂ ಹುಷಾರು. ಇವರದ್ದು 15 ಆದ್ದರಿಂದ ತೊಂದರೆ ಇಲ್ಲ, ಹದಿನೈದನೇ ತಿಂಗಳು ಅಂತ ಇಲ್ಲ. ಆದರೆ 5-11 ಅಂತ ಇದ್ದರೆ ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು ಅದು ಮೇ 11 ಕೂಡ ಆಗಿಬಿಡುತ್ತದೆ, ಆರು ತಿಂಗಳು ಆಚೀಚೆ ಹೋಗುತ್ತದೆ. ಎಕ್ಸೆಲ್‌ಗೆ ಹಾಕುವಾಗ ತಿಂಗಳ ಹೆಸರನ್ನೇ ಬರೆ. ಒಂದು ವರ್ಷವನ್ನು ಸರ್ವೀಸಿಗೆ ಹಿಡಿಯಲು 240 ದಿನದ ಹಾಜರಿ ನೋಡುವ ವಿಷಯವೂ ಇದೆ, ಅದನ್ನು ಹಾಳೆ ತಿರುಗಿಸಿಯೇ ನೋಡಬೇಕು. ಆ ಅಮ್ಮ ಕೆಲಸ ತಪ್ಪಿಸಿದವರಲ್ಲ, ಅಲ್ಲಿ ತಕರಾರು ಬರಲಾರದು.

ವೋಚರಿನಲ್ಲಿ ಎರಡೂ ತಾರೀಕು ಬರೆದು, ಪಕ್ಕದಲ್ಲಿ ಎರಡೂ ದಿನ ಸೇರಿ 16 ವರ್ಷ 6 ತಿಂಗಳು 1 ದಿನ, ಗ್ರಾಚ್ಯುಟಿಗೆ 17 ವರ್ಷ ಅಂತ ಬರೆ. ಆ ಅಮ್ಮನಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸು. 500ರ ಲೆಕ್ಕದಲ್ಲಾದರೆ 1,27,500 ರೂಪಾಯಿ ಆಗುತ್ತದೆ. ಸರಿಯಾದ ದಿನಗೂಲಿ ನಿನ್ನ ಹತ್ತಿರ ಇದೆ, ಅದನ್ನು ಹಾಕಿಕೋ.

ಇನ್ನೊಂದು, ದುಡ್ಡು ಕೊಡಲು 30 ದಿನದ ಗಡುವು ಇದೆ. ಇಲ್ಲಿ ಮಾತ್ರ ಎಣಿಕೆ ಬೇರೆ. ಇಂಥ ದಿನದಿಂದ ಇಷ್ಟು ದಿನದೊಳಗೆ ಅಂತ ಕಾನೂನಿನಲ್ಲಿ ಬಂದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸುತ್ತಾರೆ. ಮೇ 16 ಒಂದನೇ ದಿನ. ಮೇ ತಿಂಗಳಲ್ಲಿ 16 ದಿನ ಮುಗಿಯುತ್ತದೆ, ಜೂನ್ 14ಕ್ಕೆ ಮೂವತ್ತು ತುಂಬುತ್ತದೆ. ಅವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಅದಕ್ಕೆ 13ರ ಶುಕ್ರವಾರದ ಒಳಗೆ ಅವರ ಖಾತೆಗೆ ಹಾಕಿಬಿಡು. ಹಾಕಿದ ಮೇಲೆ ಗ್ರೂಪಿನಲ್ಲಿ ಒಂದು ಮಾತು ತಿಳಿಸು.