ಭೂತಾನ್ ಗ್ರೂಪ್ ಟೂರ್: ಡಾಕ್ಟರ್ ಮೇಡಂಗೆ ಕೇಳಿದ ಪ್ರಶ್ನೆಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಒಂದು, ಅದರ ಮುಂದಿನ ವಾರ ಇನ್ನೊಂದು, ಹೀಗೆ ನಮ್ಮ ಗುಂಪಿನ ಎರಡು ಬ್ಯಾಚ್ ಭೂತಾನ್‌ಗೆ ಹೊರಡುತ್ತಿವೆ. ಬೆಂಗಳೂರಿಂದ ಬಾಗ್ಡೋಗ್ರಾಗೆ ವಿಮಾನ, ಅಲ್ಲಿಂದ ಬಸ್ಸಲ್ಲಿ ಗಡಿಯ ಫುಂಟ್‌ಶೋಲಿಂಗ್, ಆಮೇಲೆ ಥಿಂಫು, ಪುನಾಖಾ, ಪಾರೋ. ಗೈಡ್ ಉದ್ದಕ್ಕೂ ಜೊತೆಗಿರುತ್ತಾರೆ. ಡಾಕ್ಟರ್ ಮೇಡಂ ಇವತ್ತು ಸಂಜೆ ನಮಗಾಗಿ ಬಿಡುವು ಮಾಡಿಕೊಂಡಿದ್ದಾರೆ. ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ. ಶುಭ ಸಂಜೆ ಹೂವಿನ ಫೋಟೋ ಬೇಡ.

ಹಾಸನದವನು: ಮೇಡಂ, ಭೂತಾನ್ ಎತ್ತರದಲ್ಲಿದೆ ಅಂತಾರೆ. ಎತ್ತರದ ಕಾಯಿಲೆ ಬರದಿರಲಿ ಅಂತ ನುಂಗುವ ಡೈಮಾಕ್ಸ್ ಮಾತ್ರೆ ತಗೊಂಡು ಹೋಗಬೇಕಾ? ಲಡಾಖ್‌ಗೆ ಹೋದ ನಮ್ಮ ಸ್ನೇಹಿತರೆಲ್ಲ ತಗೊಂಡಿದ್ದರು.

ಡಾಕ್ಟರ್: ಲಡಾಖ್ ಬೇರೆ, ಇದು ಬೇರೆ. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ವಿಮಾನ ಸೀದಾ ಅಲ್ಲಿಗೇ ಇಳಿಸುತ್ತೆ. ನಿಮ್ಮ ರೂಟ್‌ನಲ್ಲಿ ಫುಂಟ್‌ಶೋಲಿಂಗ್ ಸುಮಾರು 300 ಮೀಟರ್, ಥಿಂಫು 2,300ರ ಆಸುಪಾಸು, ಪುನಾಖಾ 1,200, ಪಾರೋ 2,200. ಹಗಲು ಎಷ್ಟು ಎತ್ತರ ಹತ್ತಿದಿರಿ ಅನ್ನೋದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅನ್ನೋದು ಮುಖ್ಯ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರುವಾಗುತ್ತೆ. ದಾರಿಯಲ್ಲಿ ಸಿಗುವ ಬೆಟ್ಟದ ಕಣಿವೆದಾರಿಗಳಲ್ಲಿ ದೋಚುಲಾ 3,100 ಇದೆ, ಚೆಲೆಲಾ 3,800ಕ್ಕೂ ಮೇಲಿದೆ, ಆದರೆ ಅಲ್ಲೆಲ್ಲ ಫೋಟೋ ತೆಗೆದುಕೊಂಡು ಇಳಿದುಬರುತ್ತೀರಿ. ಆರೋಗ್ಯವಾಗಿರುವವರಿಗೆ ಈ ಟೂರ್‌ಗೆ ಡೈಮಾಕ್ಸ್ ಬೇಕಿಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ನಿಮ್ಮನ್ನು ನೋಡುವ ಡಾಕ್ಟರನ್ನೇ ಕೇಳಿ. ಸಲ್ಫಾ ಜಾತಿಯ ಔಷಧಿಗಳಿಗೆ ಅಲರ್ಜಿ ಇರುವವರಂತೂ ಪಕ್ಕದ ಸೀಟಿನವರು ಕೊಟ್ಟರು ಅಂತ ನುಂಗಬೇಡಿ.

ರಿಟೈರ್ಡ್ ಮೇಷ್ಟ್ರು: (ಫಾರ್ವರ್ಡ್ ಆಗಿದೆ) ಕರ್ಪೂರ, ಲವಂಗ, ಓಂಕಾಳು ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ಬೆಟ್ಟದ ಮೇಲೆ ಆಮ್ಲಜನಕ ಕಡಿಮೆಯಾಗುವುದಿಲ್ಲ. ಸೈನಿಕರೂ ಇದನ್ನೇ ಬಳಸುತ್ತಾರೆ. ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.

ಡಾಕ್ಟರ್: 2021ರಲ್ಲಿ ಕೊರೋನಾ ಸಮಯದಲ್ಲಿ ಓಡಾಡಿದ ಮೆಸೇಜೇ ಇದು, ಈಗ ಬೆಟ್ಟ ಹತ್ತಿದೆ ಅಷ್ಟೆ. ಕರ್ಪೂರ ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸಲೀಸಾದ ಹಾಗೆ ಅನಿಸುತ್ತೆ. ರಕ್ತದಲ್ಲಿ ಆಮ್ಲಜನಕ ಒಂದು ಚೂರೂ ಏರಲ್ಲ. ಚಿಕ್ಕ ಮಕ್ಕಳು ಆ ಬಿಳಿ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಮಕ್ಕಳಿರುವ ಬಸ್ಸಲ್ಲಿ ದಯವಿಟ್ಟು ತರಬೇಡಿ.

ಗಿರಿನಗರದವಳು: ಎಂಟು ವರ್ಷದ ಮಗನಿಗೆ ಘಾಟಿ ರಸ್ತೆಯಲ್ಲಿ ವಾಂತಿ ಆಗುತ್ತೆ. ಫುಂಟ್‌ಶೋಲಿಂಗ್‌ನಿಂದ ಥಿಂಫುಗೆ ಐದಾರು ಗಂಟೆ ಅಂತೆ?

ಡಾಕ್ಟರ್: ಹೌದು, ಅಷ್ಟು ಹೊತ್ತೂ ತಿರುವುಗಳೇ. ಮುಂದಿನ ಸೀಟು, ಮೊಬೈಲ್ ಬೇಡ, ಹೊಟ್ಟೆ ತುಂಬಾ ತಿನ್ನಿಸಬೇಡಿ, ಖಾಲಿಯೂ ಬಿಡಬೇಡಿ. ಮಾತ್ರೆಯ ಡೋಸ್ ತೂಕ ನೋಡಿ ಮಕ್ಕಳ ಡಾಕ್ಟರ್ ಹೇಳಬೇಕು. ಬಸ್ ಹತ್ತುವ ಮುಂಚೆ ಕೊಡಬೇಕು, ವಾಂತಿ ಶುರುವಾದ ಮೇಲಲ್ಲ.

ಮೈಸೂರಿನ ಮಗಳು: ಮೇಡಂ, ಅಮ್ಮನಿಗೆ 66. ಆರು ವಾರದ ಹಿಂದೆ ಎಡ ಮೊಣಕಾಲು ಬದಲಾಯಿಸಿದ್ದಾರೆ. ಟೂರ್ ದುಡ್ಡು ಅದಕ್ಕೂ ಮೊದಲೇ ಕಟ್ಟಿದ್ದೆವು. ವಾಕರ್ ಬಿಟ್ಟು ಈಗ ಕೋಲು ಹಿಡಿದು ನಡೆಯುತ್ತಾರೆ. ಮೂರು ದಿನದಿಂದ ಎಡಗಾಲಿನ ಮೀನಖಂಡ ಊದಿಕೊಂಡಿದೆ, ಒತ್ತಿದರೆ ನೋವು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರು, ಅದರ ಕೋರ್ಸ್ ಮುಗಿದಿದೆ. ಬಸ್ಸಲ್ಲಿ ಕಾಲು ಚಾಚೋಕೆ ಜಾಗ ಇರುವ ಸೀಟು ಕೊಡುತ್ತೇವೆ ಅಂದಿದ್ದಾರೆ. ಬಿಗಿ ಸಾಕ್ಸ್ ಕೂಡ ತಗೊಂಡಿದ್ದೇನೆ. ಹೋಗಬಹುದಲ್ವಾ?

ಡಾಕ್ಟರ್: ಬಲಗಾಲೂ ಊದಿದೆಯಾ, ಎಡಗಾಲು ಮಾತ್ರವಾ? ಉಸಿರಾಟ ಹೇಗಿದೆ?

ಮೈಸೂರಿನ ಮಗಳು: ಎಡಗಾಲು ಮಾತ್ರ. ಉಸಿರಾಟ ಚೆನ್ನಾಗಿದೆ. ನಿನ್ನೆಯಿಂದ ಬಚ್ಚಲಿಗೆ ಹೋಗಿ ಬಂದರೆ ಸ್ವಲ್ಪ ಏದುಸಿರು. ಆಪರೇಷನ್ ಸುಸ್ತು ಅಂದುಕೊಂಡೆವು.

ಬಯಲುಸೀಮೆ: ಹರಳೆಣ್ಣೆ ಬೆಚ್ಚಗೆ ಮಾಡಿ ಮೀನಖಂಡದಿಂದ ಮೇಲಕ್ಕೆ ಚೆನ್ನಾಗಿ ತಿಕ್ಕಿ ಅಕ್ಕಾ. ಎರಡೇ ದಿನದಲ್ಲಿ ಇಳಿಯುತ್ತೆ.

ಡಾಕ್ಟರ್: ತಿಕ್ಕಬೇಡಿ. ಯಾರೂ ಆ ಕಾಲನ್ನು ತಿಕ್ಕಬೇಡಿ, ಒತ್ತಬೇಡಿ.

ನೋಡಮ್ಮ, ನೀವು ಮುಂದಿನ ವಾರದ ಬಸ್ ಸೀಟಿನ ಬಗ್ಗೆ ಕೇಳುತ್ತಿದ್ದೀರಿ. ನನಗೆ ಇವತ್ತು ರಾತ್ರಿಯದೇ ಚಿಂತೆ. ಮೊಣಕಾಲು ಬದಲಾಯಿಸಿದ ಮೇಲೆ ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತೆ, ಅದು ಸುಮಾರು ಮೂರು ತಿಂಗಳವರೆಗೂ ಪೂರ್ತಿ ಹೋಗಲ್ಲ. ಅದಕ್ಕೇ ಆ ಮಾತ್ರೆ ಕೊಟ್ಟಿದ್ದು. ಕಷ್ಟ ಏನು ಅಂದರೆ ಆಪರೇಷನ್ ಆದ ಕಾಲು ಹೇಗೂ ಸ್ವಲ್ಪ ದಿನ ಊದಿರುತ್ತೆ, ಹಾಗಾಗಿ ಹೊಸ ಊತವನ್ನೂ ಹಳೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಇಳಿಯುತ್ತಾ ಬಂದಿದ್ದ ಕಾಲು ಮತ್ತೆ ಊದಿದೆ, ಅದೂ ಒಂದೇ ಕಾಲು, ಮೀನಖಂಡ ನೋವು, ಮೇಲಾಗಿ ಏದುಸಿರು. ಇಷ್ಟೂ ಒಟ್ಟಿಗೆ ಇರುವಾಗ ಕಾಯುವ ಹಾಗಿಲ್ಲ. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಏದುಸಿರು ಅದರ ಶುರು ಇರಬಹುದು, ಇಲ್ಲದೆಯೂ ಇರಬಹುದು. ಮೊಣಕಾಲ ಹಿಂದೆ ನೀರಿನ ಗಂಟು ಒಡೆದಿದ್ದರೂ, ಸೋಂಕು ಆಗಿದ್ದರೂ ಕಾಲು ಹೀಗೇ ಕಾಣಬಹುದು. ಮೊಬೈಲ್‌ನಲ್ಲಿ ಕೂತು ನಾನು ಯಾವುದು ಅಂತ ಹೇಳೋಕೆ ಆಗಲ್ಲ.

ಈಗಲೇ ಎಮರ್ಜೆನ್ಸಿ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಪರೇಷನ್ ಕಾಗದ, ಮಾತ್ರೆ ಚೀಟಿ ಎರಡೂ ಇರಲಿ. ರಕ್ತನಾಳದಲ್ಲಿ ರಕ್ತ ಹರಿಯೋದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಕಾಲಿಗೆ ಬೇಕು ಅಂತ ಬಾಯಿಬಿಟ್ಟು ಕೇಳಿ, ಏದುಸಿರಿನ ವಿಷಯವನ್ನು ಮೊದಲು ಹೇಳಿ. ಡಿ-ಡೈಮರ್ ಅಂತ ಒಂದು ರಕ್ತ ಪರೀಕ್ಷೆ ಇದೆ, ಆಪರೇಷನ್ ಆದವರಲ್ಲಿ ಅದು ಹೇಗೂ ಜಾಸ್ತಿ ಬರುತ್ತೆ, ಅದೊಂದರ ಮೇಲೆ ತೀರ್ಮಾನ ಆಗಲ್ಲ. ಎದೆನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳೋದು ಕಂಡರೆ ಕಾರಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸಾಕ್ಸ್ ಇದಕ್ಕೆ ಔಷಧಿಯಲ್ಲ, ಬಿಚ್ಚಿಡಿ.

ಇನ್ನು ಟೂರ್. ವಿಮಾನದಲ್ಲಿ ಮೂರು ಗಂಟೆ, ಬಸ್ಸಲ್ಲಿ ಗಡಿಗೆ ನಾಲ್ಕೈದು ಗಂಟೆ, ಮರುದಿನ ಥಿಂಫುಗೆ ಮತ್ತೆ ಐದಾರು ಗಂಟೆ. ಯಾವ ಸೀಟು ಕೊಟ್ಟರೂ ಅದು ಕೂತೇ ಮಾಡುವ ಪ್ರಯಾಣ. ಮಧ್ಯೆ ಏನಾದರೂ ಆದರೆ ಗುಡ್ಡದ ತಿರುವಲ್ಲಿ ಗೈಡ್ ಏನು ಮಾಡುತ್ತಾರೆ? ಹೆಪ್ಪು ಇಲ್ಲ ಅಂತ ಬಂದರೂ ಈ ಟೂರ್ ಬೇಡ ಅಂತಲೇ ನನ್ನ ಅಭಿಪ್ರಾಯ.

ಸದಾ ಸಂಚಾರಿ: ನಮ್ಮಪ್ಪ ತಗೊಳ್ಳುವ ಇಕೋಸ್ಪ್ರಿನ್ ಮಾತ್ರೆ ಅವರ ಮನೆಯಲ್ಲೂ ಇದ್ದರೆ ಒಂದು ಕೊಟ್ಟು ಬೆಳಿಗ್ಗೆ ಹೋಗಬಹುದಲ್ವಾ? ರಕ್ತ ತೆಳು ಮಾಡೋದು ತಾನೇ.

ಡಾಕ್ಟರ್: ಇಲ್ಲ.

ಮೈಸೂರಿನ ಮಗಳು: ಹೊರಟೆವು ಮೇಡಂ.

ಬಯಲುಸೀಮೆ: ಮೇಡಂ ಬೇಜಾರು ಮಾಡ್ಕೋಬೇಡಿ. ನಮ್ಮಜ್ಜಿ ಹರಳೆಣ್ಣೆ ತಿಕ್ಕಿಕೊಂಡೇ 90 ವರ್ಷ ಬದುಕಿದ್ದಳು. ಎಲ್ಲದಕ್ಕೂ ಸ್ಕ್ಯಾನ್ ಅಂದರೆ ಆಸ್ಪತ್ರೆಗಳಿಗೆ ಹಬ್ಬ.

ಗಿರಿನಗರದವಳು: ನಿಮ್ಮಜ್ಜಿಗೆ ಮೊಣಕಾಲು ಬದಲಾಯಿಸಿದ್ದರಾ?

ಬಯಲುಸೀಮೆ: ನಾನು ಮೇಡಂ ಹತ್ತಿರ ಮಾತಾಡ್ತಾ ಇದ್ದೇನೆ.

ಗಿರಿನಗರದವಳು: ಮೇಡಂ ಎರಡು ಸಲ ತಿಕ್ಕಬೇಡಿ ಅಂದಿದ್ದಾರೆ. ಕನ್ನಡದಲ್ಲೇ ಬರೆದಿದ್ದಾರೆ.

ಜಯನಗರ 4ನೇ ಬ್ಲಾಕ್: ರಾತ್ರಿ ಗೊರಕೆಗೆ ಮೂಗಿಗೆ ಹಾಕಿಕೊಳ್ಳುವ ಮಷಿನ್ ಇದೆ ನನ್ನ ಹತ್ತಿರ. ಅಲ್ಲಿನ ಹೋಟೆಲ್‌ಗಳಲ್ಲಿ ಕರೆಂಟ್ ಹೋಗುತ್ತಾ? ತಗೊಂಡು ಹೋಗಬೇಕಾ?

ಶಿರಸಿ ಕಡೆಯವರು: ಅಪ್ಪನಿಗೆ 70, ಹಾರ್ಟಿಗೆ ಸ್ಟೆಂಟ್ ಹಾಕಿದೆ. ಪಾರೋದಲ್ಲಿ ಬೆಟ್ಟದ ಮೇಲಿನ ಟೈಗರ್ಸ್ ನೆಸ್ಟ್ ಮಠ ನೋಡಲೇಬೇಕು ಅಂತಿದ್ದಾರೆ. ಕುದುರೆ ಸಿಗುತ್ತೆ ಅಂತ ಗೈಡ್ ಹೇಳಿದ್ದಾರೆ.

ಡಾಕ್ಟರ್: ಕುದುರೆ ಅರ್ಧ ದಾರಿಯ ಕೆಫೆಟೇರಿಯಾವರೆಗೆ ಮಾತ್ರ, ಅದೂ ಹತ್ತುವಾಗ ಮಾತ್ರ. ಇಳಿಯೋದು ನಡೆದೇ. ಮಠ ಇರೋದು 3,120 ಮೀಟರ್‌ನಲ್ಲಿ. ಕೆಫೆಟೇರಿಯಾ ಆದಮೇಲೆ ಮತ್ತೆ ಹತ್ತಬೇಕು, ಆಮೇಲೆ ನೂರಾರು ಮೆಟ್ಟಿಲು ಇಳಿದು, ಜಲಪಾತ ದಾಟಿ, ಮತ್ತೆ ಹತ್ತಬೇಕು. ವಾಪಸ್ ಬರುವಾಗಲೂ ಅದೇ. ಸ್ಟೆಂಟ್ ಹಾಕಿ ಎಷ್ಟು ದಿನ ಆಯಿತು, ಈಗ ಮೂರು ಮಹಡಿ ಹತ್ತಿದರೆ ಎದೆ ಬಿಗಿಯುತ್ತಾ, ಇದು ಯಾವುದೂ ನೀವು ಬರೆದಿಲ್ಲ. ಹಾರ್ಟ್ ಡಾಕ್ಟರ್ ಹೂಂ ಅಂದರೆ ಕೆಫೆಟೇರಿಯಾವರೆಗೆ ಹೋಗಲಿ. ಬಂಡೆಗೆ ಅಂಟಿಕೊಂಡ ಹಾಗಿರುವ ಮಠ ಅಲ್ಲಿಂದಲೇ ಚೆನ್ನಾಗಿ ಕಾಣುತ್ತೆ. ಗುಂಪು ಹೋಯಿತು ಅಂತ ಹಟ ಹಿಡಿದು ಅವರ ಹಿಂದೆ ಹೋಗೋದು ಬೇಡ. ಗೈಡ್‌ಗೆ ಸಂಜೆಯೊಳಗೆ ಎಲ್ಲರನ್ನೂ ಬಸ್ ಹತ್ತಿಸುವ ಗಡಿಬಿಡಿ ಇರುತ್ತೆ, ನಿಮ್ಮಪ್ಪನ ಎದೆ ಏನನ್ನುತ್ತೆ ಅಂತ ಅವರಿಗೆ ಗೊತ್ತಾಗಲ್ಲ.

ಸದಾ ಸಂಚಾರಿ: ಮುದುಕರನ್ನು ಹೊತ್ತು ಕುದುರೆಗಳು ಆ ಕಡಿದಾದ ದಾರಿ ಹತ್ತೋದು ನೋಡಿದರೆ ಪಾಪ ಅನಿಸುತ್ತೆ. ನಡೆಯೋಕೆ ಆಗದವರು ಕೆಳಗೇ ನಿಂತು ನೋಡಲಿ.

ಶಿರಸಿ ಕಡೆಯವರು: ಮುದುಕರು ಅಂದರೆ ನಮ್ಮಪ್ಪನಾ?

ಸದಾ ಸಂಚಾರಿ: ಹೆಸರು ಹೇಳಿಲ್ಲ ನಾನು.

ಶಿರಸಿ ಕಡೆಯವರು: ಹೇಳಬೇಕಿಲ್ಲ, ಅರ್ಥ ಆಗುತ್ತೆ. ನಿಮಗೂ ಎಪ್ಪತ್ತಾಗಲಿ, ಆಗ ಮಾತಾಡೋಣ.

ಅಡ್ಮಿನ್: ದಯವಿಟ್ಟು ಆರೋಗ್ಯದ ಪ್ರಶ್ನೆ ಮಾತ್ರ.

ಕೊಡಗಿನ ಕಾಫಿ: ಡೈಮಾಕ್ಸ್ ಬೇಕಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ರಿಟೈರ್ಡ್ ಮೇಷ್ಟ್ರು: ಒಬ್ಬರಿಗೆ ರಾತ್ರಿಗೆ 1,200 ರೂಪಾಯಿ ಪ್ರವಾಸಿ ಶುಲ್ಕ ಕಟ್ಟಿಸಿಕೊಳ್ಳುತ್ತಾರಂತೆ ಅಲ್ಲಿನ ಸರ್ಕಾರ. ಪಕ್ಕದ ದೇಶದವರಾದ ನಮಗೂ ಸುಲಿಗೆ!

ಹಾಸನದವನು: ಬೇರೆ ದೇಶದವರಿಗೆ ರಾತ್ರಿಗೆ 100 ಡಾಲರ್ ಮೇಷ್ಟ್ರೇ. ನಮಗೇ ಕಡಿಮೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ. ಹೊಳೆ ದಡದಲ್ಲಿ ಪ್ಲಾಸ್ಟಿಕ್ ಎಸೆದು ಬರೋಕೆ ಬಿಟ್ಟಿ ಬಿಡಬೇಕಿತ್ತಾ?

ರಿಟೈರ್ಡ್ ಮೇಷ್ಟ್ರು: ನಾನು ಪ್ಲಾಸ್ಟಿಕ್ ಎಸೆಯುವವನಲ್ಲ. ಮಾತಿನ ಮೇಲೆ ಹಿಡಿತ ಇರಲಿ.

ತುಮಕೂರು ತಾಯಿ: ಇನ್ಸುಲಿನ್ ತಗೊಳ್ಳುತ್ತೇನೆ. ದೊಡ್ಡ ಸೂಟ್‌ಕೇಸ್‌ನಲ್ಲಿ ಐಸ್ ಜೊತೆ ಇಟ್ಟರೆ ಸರಿನಾ? ಊಟದ ಟೈಮ್ ಗೈಡ್ ಕೈಯಲ್ಲಿರುತ್ತಂತೆ, ಅದೇ ಭಯ.

ಡಾಕ್ಟರ್: ದೊಡ್ಡ ಸೂಟ್‌ಕೇಸ್ ಬೇಡ, ಐಸ್ ಬೇಡವೇ ಬೇಡ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ಕೆಲಸಕ್ಕೆ ಬರಲ್ಲ. ಕೈಚೀಲದಲ್ಲಿ ಚೀಟಿ ಸಮೇತ ಇಟ್ಟುಕೊಳ್ಳಿ, ಬಿಸಿಲಿಗೆ ಇಡಬೇಡಿ. ನಿಮ್ಮ ಭಯ ಸರಿಯಾಗಿದೆ. ದೋಚುಲಾದ 108 ಚೋರ್ಟೆನ್‌ಗಳ (ಬೌದ್ಧ ಸ್ತೂಪಗಳ) ಹತ್ತಿರ ಎಲ್ಲರೂ ಫೋಟೋಗೆ ನಿಂತರೆ ಒಂದು ಗಂಟೆಯ ಊಟ ಮೂರಕ್ಕೆ ಹೋಗುತ್ತೆ. ತಟ್ಟೆ ಮುಂದೆ ಬಂದ ಮೇಲೇ ಊಟದ ಇಂಜೆಕ್ಷನ್. ಸಕ್ಕರೆ, ಬಿಸ್ಕತ್ತು ಜೇಬಲ್ಲಿರಲಿ, ಬಸ್ಸಿನ ಮೇಲಿನ ಲಗೇಜಲ್ಲಲ್ಲ. ಪಕ್ಕ ಕೂರುವವರಿಗೆ ನಿಮಗೆ ಶುಗರ್ ಇದೆ ಅಂತ ಹೇಳಿಡಿ.

ಬಯಲುಸೀಮೆ: ಹಾಗಲಕಾಯಿ ರಸ ಕುಡಿದರೆ ಇನ್ಸುಲಿನ್ನೇ ಬೇಡ ತಾಯಿ.

ಡಾಕ್ಟರ್: ಇನ್ನೊಂದು ಸಲ ಈ ತರಹ ಬರೆದರೆ ನಾನು ಹೊರಟೆ. ನಿಮ್ಮ ಮಾತು ಕೇಳಿ ಇನ್ಸುಲಿನ್ ಬಿಟ್ಟು ಆ ಹೆಂಗಸು ಪುನಾಖಾದಲ್ಲಿ ಬಿದ್ದರೆ ಥಿಂಫುವಿನ ದೊಡ್ಡಾಸ್ಪತ್ರೆಗೆ ಗುಡ್ಡ ದಾಟಿ ಹೋಗಬೇಕು. ನೀವು ಬರುತ್ತೀರಾ ಹೊತ್ತುಕೊಂಡು?

ಬಯಲುಸೀಮೆ: ಸರಿ ಬಿಡಿ, ಡಾಕ್ಟರ್‌ಗಳಿಗೆ ನಮ್ಮ ಆಯುರ್ವೇದ ಅಂದರೆ ಅಲರ್ಜಿ.

ತುಮಕೂರು ತಾಯಿ: ನಾನು ಇನ್ಸುಲಿನ್ ಬಿಡಲ್ಲಪ್ಪ. ಥ್ಯಾಂಕ್ಸ್ ಮೇಡಂ.

ಗಿರಿನಗರದವಳು: ಊಟ ಅಂದ ಮೇಲೆ, ಎಮಾ ದತ್ಶಿ ಅಂದರೆ ಮೆಣಸಿನಕಾಯಿ, ಚೀಸ್ ಎರಡೇ ಅಂತೆ. ನಮ್ಮಲ್ಲಿ ಒಗ್ಗರಣೆಗೆ ಹಾಕೋದನ್ನ ಅವರು ಪಲ್ಯ ಮಾಡುತ್ತಾರೆ. ಅಸಿಡಿಟಿ ಇರುವವರು ತಿನ್ನಬಹುದಾ?

ಡಾಕ್ಟರ್: ಕೇವಾ ದತ್ಶಿ ತಿನ್ನಿ, ಅದರಲ್ಲಿ ಆಲೂಗಡ್ಡೆ ಇರುತ್ತೆ. ಖಾರ ಕಡಿಮೆ ಅಂತ ಹೇಳಿಯೇ ತರಿಸಿ.

ಸದಾ ಸಂಚಾರಿ: ಎರಡನೇ ಬ್ಯಾಚ್ ಜೊತೆ ಅಡುಗೆ ಭಟ್ಟರೇ ಬರುತ್ತಿದ್ದಾರಂತೆ. ಪಾರೋಗೆ ಹೋಗಿ ಬಿಸಿಬೇಳೆಬಾತ್!

ತುಮಕೂರು ತಾಯಿ: ನಮಗೆ ಬೇಕಪ್ಪ. ನಿಮಗೆ ಬೇಡದಿದ್ದರೆ ಮೆಣಸಿನಕಾಯಿ ತಿನ್ನಿ.

ಜಯನಗರ 4ನೇ ಬ್ಲಾಕ್: ಮೇಡಂ, ಮಷಿನ್ ವಿಷಯ ಕೇಳಿದ್ದೆ.

ಚಿತ್ರದುರ್ಗ ಚಿನ್ನು: ಡೈಮಾಕ್ಸ್ ಎಷ್ಟು ದಿನ ಮುಂಚೆ ಶುರು ಮಾಡಬೇಕು?

ಡಾಕ್ಟರ್: ಮೇಲೆ ಓದಿ.

ಮೈಸೂರಿನ ಮಗಳು: ಮೇಡಂ, ಈಗ ಬೆಳಿಗ್ಗೆ ಆರು ಗಂಟೆ. ರಾತ್ರಿಯೇ ಡಾಪ್ಲರ್ ಮಾಡಿದರು. ಮೊಣಕಾಲ ಹಿಂದಿನ ರಕ್ತನಾಳದಲ್ಲಿ ಹೆಪ್ಪು ಇದೆ. ಸಿ.ಟಿ. ಕೂಡ ಮಾಡಿದರು, ಶ್ವಾಸಕೋಶಕ್ಕೆ ಹೋಗಿಲ್ಲ. ಅಡ್ಮಿಟ್ ಮಾಡಿಕೊಂಡು ಇಂಜೆಕ್ಷನ್ ಶುರು ಮಾಡಿದ್ದಾರೆ. ಏದುಸಿರಿಗೆ ರಕ್ತ ಕಡಿಮೆ ಇರೋದು ಕಾರಣ ಇರಬಹುದು ಅಂದರು.

ಡಾಕ್ಟರ್: ಒಳ್ಳೆಯದಾಯಿತು. ಮಾತ್ರೆ ಕಡಿಮೆ ಅಂದರೂ ಮೂರು ತಿಂಗಳು ಇರುತ್ತೆ, ಅವರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ. ಕಾಲು ನೋವಿಗೆ ಅಂತ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಕಪ್ಪಗೆ ಮಲ ಹೋದರೆ ತಕ್ಷಣ ತಿಳಿಸಿ. ರಕ್ತ ಯಾಕೆ ಕಡಿಮೆ ಇದೆ ಅಂತಲೂ ನೋಡಿಸಿ.

ಗಿರಿನಗರದವಳು: ಬಯಲುಸೀಮೆ ಅವರೇ, ಓದಿದಿರಾ?

ಬಯಲುಸೀಮೆ: ಅಮ್ಮ ಬೇಗ ಹುಷಾರಾಗಲಿ. ಅದಕ್ಕಿಂತ ಜಾಸ್ತಿ ನಾನೇನೂ ಹೇಳಲ್ಲ.

ಮೈಸೂರಿನ ಮಗಳು: ಟೂರ್‌ನವರು ದುಡ್ಡು ವಾಪಸ್ ಕೊಡಲ್ಲ ಅಂತಿದ್ದಾರೆ. ಪ್ರಯಾಣ ಮಾಡಬಾರದು ಅಂತ ನೀವೊಂದು ಲೆಟರ್ ಬರೆದುಕೊಡುತ್ತೀರಾ ಮೇಡಂ?

ಡಾಕ್ಟರ್: ನಾನು ಕೈಯಿಟ್ಟು ನೋಡದ ರೋಗಿಗೆ ಸರ್ಟಿಫಿಕೇಟ್ ಬರೆಯಲ್ಲ. ಅಡ್ಮಿಟ್ ಮಾಡಿದ ಡಾಕ್ಟರನ್ನೇ ಕೇಳಿ. ಡಿಸ್ಚಾರ್ಜ್ ಕಾಗದದಲ್ಲಿ ಕಾಯಿಲೆ ಹೆಸರು, ತಾರೀಖು, ಇಷ್ಟು ವಾರ ದೂರ ಪ್ರಯಾಣ ಬೇಡ ಅನ್ನೋದು ಮೂರೂ ಇರಲಿ. ಟಿಕೆಟ್ ಜೊತೆ ಇನ್ಶೂರೆನ್ಸ್ ತಗೊಂಡಿದ್ದರೆ ಇವತ್ತೇ ಅವರಿಗೆ ತಿಳಿಸಿ, ತಡ ಮಾಡಿದರೆ ಅದನ್ನೇ ನೆಪ ಮಾಡುತ್ತಾರೆ.

ಸದಾ ಸಂಚಾರಿ: ಹಾಗಾದರೆ ಮೊದಲನೇ ಬ್ಯಾಚ್‌ನಲ್ಲಿ ಎರಡು ಸೀಟು ಖಾಲಿ ಆಯಿತಾ? ನಮ್ಮ ಮನೆಯವರು ಕೇಳುತ್ತಿದ್ದರು.

ಅಡ್ಮಿನ್: ಇದನ್ನು ಕೇಳುವ ಹೊತ್ತಾ ಇದು? ಕಾಮೆಂಟ್ ಮುಚ್ಚುತ್ತಿದ್ದೇನೆ. ಜಯನಗರದವರೇ, ನಿಮ್ಮ ಮಷಿನ್ ಪ್ರಶ್ನೆಯನ್ನು ಮೇಡಂಗೆ ಬೇರೆಯಾಗಿ ಕಳಿಸಿ.