ಪದೇ ಪದೇ ಕಡಿದುಹೋಗುವ ಡಿಎಸ್‌ಎಲ್ ಸಂಪರ್ಕ: ಹುಡುಕಾಟ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮನೆಯ ಡಿಎಸ್‌ಎಲ್ ಸಂಪರ್ಕ (ದೂರವಾಣಿ ತಂತಿಯ ಮೂಲಕ ಬರುವ ಇಂಟರ್ನೆಟ್) ದಿನದಲ್ಲಿ ಹಲವು ಬಾರಿ ಕಡಿದುಹೋಗುತ್ತಿದೆ. ಕತ್ತಲಾದ ಮೇಲೆ ಈ ತೊಂದರೆ ಹೆಚ್ಚು. ದೂರವಾಣಿಗೆ ಕರೆ ಬಂದಾಗಲೂ ಒಮ್ಮೊಮ್ಮೆ ನಿಲ್ಲುತ್ತದೆ. ಮೋಡೆಮ್ ಆರಿಸಿ ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿಯಿರುತ್ತದೆ. ಹೊಸ ಮೋಡೆಮ್ ಕೊಳ್ಳಬೇಕೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಹೊಸ ಮೋಡೆಮ್‌ಗೆ ಹಣ ಹಾಕುವ ಮುನ್ನ, ಕಡಿದುಹೋಗುತ್ತಿರುವುದು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಿ, ವೈ-ಫೈ ಹೋದರೂ, ಲೈನ್ ಹೋದರೂ, ಲಾಗಿನ್ ಹೋದರೂ ನಮಗೆ ಕಾಣುವುದು ತೆರೆಯದ ಪುಟವೊಂದೇ. ಕಂಪ್ಯೂಟರನ್ನು ಕೇಬಲ್ ಮೂಲಕ ನೇರವಾಗಿ ಮೋಡೆಮ್‌ಗೆ ಜೋಡಿಸಿ, ಸಂಪರ್ಕ ನಿಂತ ಕೂಡಲೇ ದೀಪಗಳನ್ನು ಗಮನಿಸಿ. ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿಯುತ್ತಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಲೈನ್ ಸರಿಯಿದೆ, ಪಿಪಿಪಿ ಲಾಗಿನ್ (ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ಹಂತ) ಬಿದ್ದಿದೆ ಎಂದರ್ಥ. ಡಿಎಸ್‌ಎಲ್ ದೀಪವೇ ಮಿನುಗತೊಡಗಿದರೆ ತಂತಿಯ ಮೇಲಿನ ಸಿಂಕ್, ಅಂದರೆ ಮೋಡೆಮ್‌ಗೂ ಕಂಪನಿಯ ಕಡೆಯ ಉಪಕರಣಕ್ಕೂ ನಡುವಿನ ಹೊಂದಾಣಿಕೆ, ತಪ್ಪಿದೆ. ಕರೆ ಬಂದಾಗ ನಿಲ್ಲುತ್ತದೆ ಎಂದು ನೀವು ಬರೆದಿರುವುದರಿಂದ ನಿಮ್ಮದು ಈ ಎರಡನೆಯ ಬಗೆ ಎಂದೇ ನನ್ನ ಅಂದಾಜು.

ಕರೆಗೂ ಇಂಟರ್ನೆಟ್‌ಗೂ ಏನು ಸಂಬಂಧ ಎಂದರೆ, ಎರಡೂ ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಸಾಗುತ್ತವೆ: ಮಾತು 4 ಕಿಲೋಹರ್ಟ್ಸ್‌ನೊಳಗೆ ಮುಗಿದರೆ, ಎಡಿಎಸ್‌ಎಲ್ (ಮನೆಗಳಲ್ಲಿ ಸಾಮಾನ್ಯವಾದ ಡಿಎಸ್‌ಎಲ್ ಬಗೆ) ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಇರುತ್ತದೆ. ಇವೆರಡನ್ನೂ ಬೇರ್ಪಡಿಸುವ ಫಿಲ್ಟರ್ ಕೆಟ್ಟಿದ್ದರೆ, ಅಥವಾ ಮನೆಯ ಯಾವುದೋ ಮೂಲೆಯಲ್ಲಿ ಫಿಲ್ಟರ್ ಇಲ್ಲದ ಒಂದು ಹಳೆಯ ಫೋನ್ ಉಳಿದುಬಿಟ್ಟಿದ್ದರೆ, ಗಂಟೆ ಬಾರಿಸಿದಾಗ ಸಿಂಕ್ ತಪ್ಪಬಹುದು. ಕಿಲುಬು ಹಿಡಿದ ಜೋಡಣೆಯೂ ಇದನ್ನೇ ಮಾಡುತ್ತದೆ. ಆದ್ದರಿಂದ ಎಲ್ಲ ಫೋನುಗಳನ್ನೂ ಎಕ್ಸ್‌ಟೆನ್ಷನ್ ತಂತಿಗಳನ್ನೂ ಬಿಡಿಸಿ, ಲೈನ್ ಮನೆಯೊಳಗೆ ಬರುವ ಮೊದಲ ಸಾಕೆಟ್ಟಿಗೇ ಗಿಡ್ಡ ತಂತಿಯಿಂದ ಮೋಡೆಮ್ ಜೋಡಿಸಿ ಒಂದೆರಡು ದಿನ ಹಾಗೆಯೇ ಬಿಡಿ. ಆಗಲೂ ಸಂಪರ್ಕ ಕಡಿದುಹೋದರೆ ದೋಷ ಮನೆಯ ಹೊರಗಿನದು ಅಥವಾ ಮೋಡೆಮ್ಮಿನದು. ಕಡಿಯದಿದ್ದರೆ ಬಿಡಿಸಿದ್ದನ್ನು ಒಂದೊಂದಾಗಿ ಮರಳಿ ಸೇರಿಸುತ್ತ ಹೋಗಿ, ತಪ್ಪಿತಸ್ಥ ತಾನಾಗಿಯೇ ಸಿಕ್ಕಿಬೀಳುತ್ತದೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಯಾರೂ ಬಳಸದ ಕೋಣೆಯೊಂದರ ಸಾಕೆಟ್: ಮುಚ್ಚಳ ತೆಗೆದಾಗ ಒಂದು ತಂತಿಯ ತುದಿ ಹಸಿರುಗಟ್ಟಿ, ತಿರುಪಿನ ಕೆಳಗೆ ಅಲುಗಾಡುತ್ತಿತ್ತು.

ಮೋಡೆಮ್‌ನ ಸ್ಥಿತಿ ಪುಟವನ್ನೂ ತೆರೆದು ನೋಡಿ. ಬಹಳಷ್ಟು ಮೋಡೆಮ್‌ಗಳಲ್ಲಿ ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಅದು ಸಿಗುತ್ತದೆ. ಅಲ್ಲಿನ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲವನ್ನು ತಡೆದುಕೊಳ್ಳಲು ಸಂಕೇತಕ್ಕೆ ಉಳಿದಿರುವ ಅಂತರ) ಸಾಮಾನ್ಯವಾಗಿ 6 ಡೆಸಿಬಲ್‌ನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಎರಡು ಮೂರಕ್ಕೆ ಇಳಿಯುತ್ತಿದ್ದರೆ ಸಣ್ಣ ಗದ್ದಲಕ್ಕೂ ಲೈನ್ ಬೀಳುತ್ತದೆ. ಅಟೆನ್ಯುಯೇಷನ್, ಅಂದರೆ ದಾರಿಯಲ್ಲಿ ಸಂಕೇತ ಕುಗ್ಗುವ ಪ್ರಮಾಣ, ತಂತಿಯ ಉದ್ದವನ್ನು ಅವಲಂಬಿಸಿರುವುದರಿಂದ ಹೆಚ್ಚುಕಡಿಮೆ ಸ್ಥಿರವಾಗಿರಬೇಕು, ಅದು ಏಕಾಏಕಿ ಏರಿದ್ದರೆ ಎಲ್ಲೋ ಜೋಡಣೆ ಕೆಟ್ಟಿದೆ.

ಇನ್ನೊಬ್ಬರ ಅನುಭವ: ಮೇಲಿನದನ್ನು ಒಪ್ಪುತ್ತೇನೆ, ಆದರೆ ಕತ್ತಲಾದ ಮೇಲೆ ಹೆಚ್ಚು ಎಂಬ ಮಾತನ್ನು ಬಿಡಬಾರದು. ಎಡಿಎಸ್‌ಎಲ್‌ನ ಹೆಚ್ಚು ವೇಗದ ಬಗೆಯಾದ ಎಡಿಎಸ್‌ಎಲ್2+ ಬಳಸುವ ಆವರ್ತನಗಳು 2.2 ಮೆಗಾಹರ್ಟ್ಸ್‌ವರೆಗೆ ಹೋಗುವುದರಿಂದ ಮಧ್ಯಮ ತರಂಗದ ರೇಡಿಯೊ ಪ್ರಸಾರವೂ ಅದರೊಳಗೇ ಬರುತ್ತದೆ, ಮತ್ತು ರಾತ್ರಿಯ ಹೊತ್ತು ಆ ತರಂಗಗಳು ಬಹುದೂರ ತಲುಪುತ್ತವೆ. ಅದಕ್ಕಿಂತ ಸಾಮಾನ್ಯವಾದ ಕಾರಣ ಸಂಜೆ ಹಚ್ಚುವ ಉಪಕರಣಗಳು: ಅಗ್ಗದ ಎಲ್‌ಇಡಿ ದೀಪ, ಚಾರ್ಜರ್, ಅಡಾಪ್ಟರ್. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಎಎಂ ರೇಡಿಯೊವನ್ನು ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಮನೆಯೊಳಗೆ ಹಿಡಿದು ಓಡಾಡಿ. ಗರಗರ ಸದ್ದು ಜೋರಾದ ಕಡೆ ಇರುವ ಉಪಕರಣವನ್ನು ಆರಿಸಿ ನೋಡಿ. ಈ ಉಪಾಯಕ್ಕೆ ಮನೆಯವರು ನಕ್ಕರೆ ನಗಲಿ. ಮೋಡೆಮ್‌ನ ಸ್ವಂತ ಅಡಾಪ್ಟರನ್ನೂ ಮರೆಯಬೇಡಿ, ಅದು ಹಳತಾಗಿ ಸೊರಗಿದಾಗ ಮೋಡೆಮ್ಮೇ ಕೆಟ್ಟಿತೆಂದು ಜನ ಎಸೆಯುವುದುಂಟು.

ಮತ್ತೊಬ್ಬರ ಅನುಭವ: ಒಂದು ಎಚ್ಚರಿಕೆ ಸೇರಿಸುತ್ತೇನೆ. ಪದೇ ಪದೇ ಆರಿಸಿ ಹಾಕುವುದನ್ನು ನಿಲ್ಲಿಸಿ. ಕೆಲವು ಕಂಪನಿಗಳ ಸ್ವಯಂಚಾಲಿತ ವ್ಯವಸ್ಥೆ ಪ್ರತಿ ಕಡಿತವನ್ನೂ ಲೈನಿನ ದೋಷವೆಂದೇ ಎಣಿಸಿ ವೇಗವನ್ನು ತಗ್ಗಿಸಿಬಿಡುತ್ತದೆ, ಆಮೇಲೆ ಅದು ಮತ್ತೆ ಏರಲು ದಿನಗಳೇ ಬೇಕಾಗುತ್ತವೆ. ಬದಲಿಗೆ ಕಡಿತದ ಸಮಯ, ದೀಪದ ಸ್ಥಿತಿ, ಆಗಿನ ಮಾರ್ಜಿನ್ ಬರೆದಿಟ್ಟು ದೂರಿನ ಜೊತೆ ಕೊಡಿ. ಮೊದಲ ಸಾಕೆಟ್ಟಿಗೆ ಫೋನ್ ಹಾಕಿ ಒಂದು ಅಂಕಿ ಒತ್ತಿ, ಡಯಲ್ ಟೋನ್ ನಿಂತ ಮೌನದಲ್ಲಿ ಚರಚರ ಸದ್ದಿದೆಯೇ ಎಂದೂ ಆಲಿಸಿ. ಇದ್ದರೆ ದೂರಿನಲ್ಲಿ ಅದನ್ನೇ ಮೊದಲು ಬರೆಯಿರಿ; ಇಂಟರ್ನೆಟ್ ನಿಧಾನ ಎಂದರೆ ಮೋಡೆಮ್ ಆರಿಸಿ ಹಾಕಿ ಎನ್ನುವವರು, ಫೋನಿನಲ್ಲಿ ಸದ್ದು ಎಂದರೆ ಲೈನ್‌ಮ್ಯಾನ್‌ನನ್ನೇ ಕಳಿಸುತ್ತಾರೆ.