ಅಜ್ಜನ ಪುಸ್ತಕದ ಹಾಳೆ ಬಿಡಿಸೋದು ಬೇಡ

ಅಣ್ಣ (ಬೆಂಗಳೂರು): [ಫೋಟೋ] ನೋಡಿ, ಹಳೇ ಪುಸ್ತಕದ ಒಂದೊಂದೇ ಹಾಳೆಗೆ ಫ್ರೇಮ್ ಹಾಕಿ ಮಾರುತ್ತಿದ್ದಾರೆ. ಅಜ್ಜನ ಇಂಗ್ಲಿಷ್ ಪದ್ಯದ ಪುಸ್ತಕದಲ್ಲೂ ಇಂಥವೇ ವುಡ್‌ಕಟ್, ಅಂದರೆ ಮರದಚ್ಚಿನ ಚಿತ್ರಗಳಿವೆ ಅಲ್ವಾ? ಬಿಡಿಸಿ ನಾಲ್ಕೂ ಮನೆಗೆ ಹಂಚೋಣ.

ಚಿಕ್ಕಪ್ಪ (ಸಾಗರ): ಒಳ್ಳೇದೇ. ತೀರ್ಥಹಳ್ಳಿ ಮಳೆಗೆ ಸುಮ್ನೆ ಬೂಷ್ಟು ಹಿಡಿಯುತ್ತಿದೆ.

ನಾನು: ದಯವಿಟ್ಟು ಬೇಡ. ಅಡಿಕೆ ತೋಟ ಪಾಲಾದರೆ ಎಲ್ಲರಿಗೂ ಮರ ಉಳಿಯುತ್ತದೆ. ಇದು ಹಾಗಲ್ಲ. ಬಾವಿಯ ಚಿತ್ರದ ಕೆಳಗೇ ಪದ್ಯ ಇದೆ, ಅದರ ಮುಂದಿನ ಸಾಲುಗಳು ಹಾಳೆಯ ಹಿಂದಿವೆ. ಫ್ರೇಮ್ ಹಾಕಿದರೆ ಅವು ಗೋಡೆ ಪಾಲು.

ಅಣ್ಣ: ಚಿತ್ರ ಬೇರೆ, ಪದ್ಯ ಬೇರೆ ಮಾರಾಯ.

ನಾನು: ಅಲ್ಲಣ್ಣ. ಮರದಚ್ಚಿನಲ್ಲಿ ಬಿಳಿ ಬೇಕಾದ ಕಡೆ ಕೆತ್ತಿ ತೆಗೆಯುತ್ತಾರೆ. ಉಬ್ಬಿ ನಿಂತ ಭಾಗಕ್ಕೆ ಮಸಿ. ಅಕ್ಷರ ಒತ್ತುವ ಸೀಸದ ಮೊಳೆಯೂ ಹಾಗೇ. ಎರಡನ್ನೂ ಒಂದೇ ಎತ್ತರಕ್ಕೆ ಜೋಡಿಸಿ, ಒಟ್ಟಿಗೇ ಮಸಿ ಹಚ್ಚಿ ಒತ್ತಬಹುದು. ತಾಮ್ರದ ತಗಡಿನ ಚಿತ್ರಕ್ಕೆ ಅದು ಆಗುವುದಿಲ್ಲ, ಅಲ್ಲಿ ಮಸಿ ಕೊರೆದ ಗೆರೆಯೊಳಗೆ ಕೂರುತ್ತದೆ. 1795ರಲ್ಲಿ ಲಂಡನ್‌ನ ಮುದ್ರಕ ವಿಲಿಯಂ ಬುಲ್ಮರ್, ಕವಿಗಳಾದ ಗೋಲ್ಡ್‌ಸ್ಮಿತ್, ಪಾರ್ನೆಲ್ ಅವರ ಪದ್ಯಗಳನ್ನು ಬ್ಯೂಯಿಕ್ ಸಹೋದರರ ಮರದಚ್ಚುಗಳ ಜೊತೆ ತಂದ. ಗೆರೆ ಎಷ್ಟು ನವಿರು ಅಂದರೆ, ಮರದ್ದು ಅಂತ ನಂಬದೆ ಬ್ರಿಟನ್ನಿನ ದೊರೆ ಮೂರನೇ ಜಾರ್ಜ್ ಅಚ್ಚುಗಳನ್ನೇ ತರಿಸಿಕೊಂಡನಂತೆ!

ಅಣ್ಣ: ನಮ್ಮದು ಫೋಟೋ ತೆಗೆದು ಮಾಡಿದ ನಕಲಿರಬಹುದು.

ನಾನು: ಅತ್ತೆ, ಭೂತಗನ್ನಡಿ ಹಿಡಿದು ನೋಡ್ತೀರಾ? ಸಣ್ಣ ಸಣ್ಣ ಚುಕ್ಕಿ ಕಂಡರೆ ನಕಲು. ಹಾಳೆಯ ಹಿಂದೆ ಬೆರಳೂ ಆಡಿಸಿ.

ಅತ್ತೆ (ತೀರ್ಥಹಳ್ಳಿ): ಚುಕ್ಕಿ ಇಲ್ಲ ಮಗಾ. ಗೆರೆಯೆಲ್ಲ ಗಟ್ಟಿ ಕಪ್ಪು. ಹಿಂದೆ ಉಬ್ಬು ಸಿಗುತ್ತದೆ. ಅಕ್ಷರದ್ದೂ ಸಿಗುತ್ತದೆ, ಬಾವಿಯ ಗಡಗಡೆಯದ್ದೂ ಸಿಗುತ್ತದೆ.

ನಾನು: ನೋಡಿದ್ಯಾ ಅಣ್ಣ! ಎರಡೂ ಒಟ್ಟಿಗೇ ಒತ್ತಿ ಬಂದದ್ದು. ಅದನ್ನು ಬ್ಲೇಡ್ ಹಾಕಿ ಬೇರೆ ಮಾಡೋದಾ?

ಚಿಕ್ಕಪ್ಪ: ಅದೆಲ್ಲ ಸರಿ. ಬೂಷ್ಟಿಗೆ ಏನು ಮಾಡ್ತೀಯಾ?

ನಾನು: ಅದು ನಿಜವಾದ ಚಿಂತೆ ಚಿಕ್ಕಪ್ಪ. ಅತ್ತೆ, ಮೊದಲು ಆ ಪ್ಲಾಸ್ಟಿಕ್ ಕವರ್ ತೆಗೆಯಿರಿ, ತೇವ ಒಳಗೇ ಕೂರುತ್ತದೆ. ಬಿಸಿಲಿಗೆ ಇಡಬೇಡಿ, ಹರಿದ ಕಡೆ ಸೆಲೋಟೇಪ್ ಬೇಡವೇ ಬೇಡ. ಮಳೆಗಾಲ ಮುಗಿಯುವವರೆಗೆ ಶಿವಮೊಗ್ಗದಲ್ಲಿ ನಾನು ನೋಡಿಕೊಳ್ಳುತ್ತೇನೆ. ಹೊರಗೋಡೆಗೆ ತಾಗದ ಕಪಾಟಿದೆ, ತೇವ ಹೀರುವ ಸಿಲಿಕಾ ಜೆಲ್ ಹಾಕುತ್ತೇನೆ. ಚಿತ್ರ ಬೇಕಾದವರಿಗೆ ಸ್ಕ್ಯಾನ್ ಮಾಡಿಸಿ ಕೊಡುತ್ತೇನೆ.

ಅಣ್ಣ: ಸ್ಕ್ಯಾನ್‌ಗೆ ಯಾರು ದುಡ್ಡು ಕೊಡ್ತಾರೆ?

ಅತ್ತೆ: ಅಪ್ಪಯ್ಯ ಮಾರಲಿಕ್ಕೆ ತಂದದ್ದಲ್ಲ ಅದು. ಒಂದು ಹಾಳೆಯನ್ನೂ ಕೀಳಲು ಬಿಡುವುದಿಲ್ಲ. ಮಗಾ, ಭಾನುವಾರ ಬಂದು ತಗೊಂಡು ಹೋಗು, ಊಟಕ್ಕೆ ಇಲ್ಲೇ ಇರು.

ಅಣ್ಣ: ನಾನಿನ್ನೂ ಒಪ್ಪಿಲ್ಲ. ದೀಪಾವಳಿಗೆ ಎಲ್ಲ ಸೇರಿದಾಗ ಮಾತಾಡೋಣ.